ವಾಸನೆಯಿಲ್ಲದ ಮಾತ್ರೆ

"ಎಂತ ರೆಜಿನಾ ಬಾಯಿ, ಹೆಣ ಇನ್ನೂ ಎದ್ದಿಲ್ವಾ? ಏಳದಿದ್ರೆ ಹೇಳಿ, ಪೆಟ್ಟಿಗೆಗೆ ಅಳತೆ ತಗೊಳ್ಳಲಿಕ್ಕೆ ಜನ ಕಳಿಸ್ತೇನೆ."

ನಾನು ಮಗಳ ಎರಡನೇ ಜಡೆ ಹೆಣೆಯುತ್ತಿದ್ದೆ. ಒಂದು ಜಡೆ ಮುಗಿದು ರಿಬ್ಬನ್ ಕಟ್ಟಿಯಾಗಿತ್ತು, ಇನ್ನೊಂದರ ಮೂರು ಕಾಲುಗಳು ನನ್ನ ಬೆರಳುಗಳಲ್ಲಿದ್ದವು. ಮಾರ್ಸೆಲ್ ಬಾಬ್ ಬಾಗಿಲು ತಟ್ಟಿ ಬರುವವರಲ್ಲ. ಫ್ಲ್ಯಾಟು ನೀರಿನ ಕಂಪನಿಯದು, ಅವರು ಕಂಪನಿಯ ಸೂಪರ್‌ವೈಸರ್. ಬೀಗದ ಕೈ ಅವರ ಕಿಸೆಯಲ್ಲೂ ಒಂದು ಇತ್ತು. ಗಲ್ಫಿನ ಈ ಊರಿನ ಟೂರಿಸ್ಟ್ ಕ್ಲಬ್ ಏರಿಯಾದ ದೊಡ್ಡ ಹೋಟೆಲುಗಳ ಹಿಂಬದಿಯ ಆ ಹಳೆಯ ಕಟ್ಟಡದಲ್ಲಿ ಒಂದು ಕೋಣೆ ನಮಗೆ, ಇನ್ನೊಂದು ಜುಬೈದ ಮತ್ತು ಅವಳ ಗಂಡ ಅಬೂಬಕ್ಕರ್‌ಗೆ. ಹಾಲ್ ಕೋಣೆಯನ್ನು ಪ್ಲೈವುಡ್ಡಿನಿಂದ ತುಂಡು ಮಾಡಿ ಉಳಿದ ಡ್ರೈವರುಗಳಿಗೆ ಹಂಚಿದ್ದರು. ಅಡುಗೆಮನೆ ಎಲ್ಲರಿಗೂ ಒಂದೇ.

ನನ್ನ ಗಂಡ ಆನ್ಸೆಲ್ಮ್, ಕಂಪನಿಯ ವ್ಯಾನ್ ಡ್ರೈವರ್, ಗೋಡೆಯ ಬದಿಯಲ್ಲಿ ಅಂಗಿಯಿಲ್ಲದೆ ಬೋರಲು ಮಲಗಿದ್ದ. ಎದ್ದ ಕೂಡಲೆ ನಾನು ಹಚ್ಚಿದ ಮುಲಾಮು ಬೆನ್ನಿನ ಮೇಲೆ ಇನ್ನೂ ಹೊಳೆಯುತ್ತಿತ್ತು.

"ಇವತ್ತೊಂದು ದಿನ ಬಿಡಿ ಬಾಬ್" ಅಂದ ಅವನು, ಮುಖ ಎತ್ತದೆ. "ಎಡಗಾಲು ನನ್ನದೇ ಅಲ್ಲ ಅನ್ನಿಸ್ತಾ ಉಂಟು."

"ಬೇವರ್ಸಿ, ಆಗಸ್ಟು ತಿಂಗಳು ಇದು. ಜನ ಒಂದು ದಿನ ನೀರು ಕುಡಿಯುದು ಬಿಡ್ತಾರಾ?"

ಬಾಬ್ ಕಿಸೆಯಿಂದ ಮಾತ್ರೆಯ ಪಟ್ಟಿ ತೆಗೆದು ಎರಡನ್ನು ಒತ್ತಿ ಹೊರಗೆ ತೆಗೆದರು. ಬೇರೆ ದಿನ ಒಂದೇ. ಬಗ್ಗಿ ಅವನ ಅಂಗೈಯಲ್ಲಿಟ್ಟರು. ಆನ್ಸೆಲ್ಮ್ ಮೊಣಕೈ ಊರಿ ಎದ್ದು ನುಂಗಿದ.

"ಬಾಯಿ ತೆರಿ."

ತೆರೆದ. ನಾಲಿಗೆಯನ್ನೂ ಎತ್ತಿ ತೋರಿಸಿದ. ಏಳು ವರ್ಷದ ಮಗಳು ನೋಡುತ್ತಿದ್ದಳು. ನಾನು ಅವಳ ತಲೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡೆ.

"ಮಮ್ಮಿ, ವೈ..."

"ಅಲ್ಲಾಡ್ಬೇಡ ವೆಲಿಟಾ, ಜಡೆ ಸೊಟ್ಟ ಆಗ್ತದೆ."

ಶಾಲೆಗೆ ರಜೆ. ಅಪ್ಪನ ವ್ಯಾನಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಊರು ಸುತ್ತುವುದೆಂದರೆ ಅವಳಿಗೆ ಹುಚ್ಚು. ನಾನು ಕ್ಲಿನಿಕ್ಕಿಗೆ ನೆಲ ಒರಸುವ ಕೆಲಸಕ್ಕೆ ಹೋಗುವ ದಿನಗಳಲ್ಲಿ ಹಾಗೇ ಕಳಿಸುತ್ತಿದ್ದೆ. ಅಂದೂ ಹೊರಟಿದ್ದಳು. ಆದರೆ ಹೆಣ್ಣುಮಗುವಿನ ಶೃಂಗಾರ ಮುಗಿಯುವವರೆಗೆ ಕಂಪನಿ ಕಾಯ್ಲಿಕ್ಕಾಗುವುದಿಲ್ಲ ಎಂದು ಬಾಬ್ ಹೇಳಿದರು. ಯಲ್ಲಾ, ಹೊರಡು ಹೊರಡು ಎಂದು ಚಪ್ಪಾಳೆ ತಟ್ಟಿದರು. ಆನ್ಸೆಲ್ಮ್ ಗೋಡೆ ಹಿಡಿದುಕೊಂಡು ಅಂಗಿ ಹಾಕಿದ, ಮಗಳ ಹೆಣೆಯದ ಬದಿಯ ಕೂದಲಿಗೆ ಮುತ್ತು ಕೊಟ್ಟು ಹೋದ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಸಿಟ್ಟು ಬಂದದ್ದು ಆ ಜಡೆಯ ಮೇಲೆ. ಇನ್ನೂ ಸ್ವಲ್ಪ ಬೇಗ ಹೆಣೆಯಬಹುದಿತ್ತು ಅಂದುಕೊಂಡೆ.

ನೀರು ಹಾಕುವ ಕೆಲಸ ಹೊರಗಿನಿಂದ ನೋಡುವವರಿಗೆ ಸುಲಭ. ವ್ಯಾನು ಬರುತ್ತದೆ, ನೀಲಿ ಬಾಟ್ಲಿ ಮನೆಯೊಳಗೆ ಬರುತ್ತದೆ, ಖಾಲಿ ಬಾಟ್ಲಿ ಹೊರಗೆ ಹೋಗುತ್ತದೆ. ತುಂಬಿದ ಬಾಟ್ಲಿ ಅಂದರೆ ಹೆಗಲ ಮೇಲೆ ಒಂದು ಪುಟ್ಟ ಮಗುವನ್ನು ಹೊತ್ತ ಹಾಗೆ, ಆದರೆ ಮಗು ಕುತ್ತಿಗೆ ಹಿಡಿದುಕೊಳ್ಳುತ್ತದೆ, ಬಾಟ್ಲಿ ಹಿಡಿದುಕೊಳ್ಳುವುದಿಲ್ಲ. ಲಿಫ್ಟಿದೆ. ಬೆಳಗಿನ ಹೊತ್ತು ವಾಚ್‌ಮನ್ ಬಿಡುವುದಿಲ್ಲ. ಬಾಟ್ಲಿಯಿಂದ ಹನಿ ಬಿದ್ದು ಲಿಫ್ಟಿನ ನೆಲ ಒದ್ದೆಯಾದರೆ ಆಫೀಸಿಗೆ ಹೋಗುವವರು ಜಾರುತ್ತಾರೆ. ಮೆಟ್ಟಿಲಿನಲ್ಲಿ ಹನಿ ಬಿದ್ದರೆ ಜಾರುವವನು ಬಾಟ್ಲಿ ಹೊತ್ತವನೇ ಆದ್ದರಿಂದ ಅದರ ಬಗ್ಗೆ ನಿಯಮವಿಲ್ಲ.

ಮೊದಲು ಡ್ರೈವರುಗಳು ಕುಡಿಯುತ್ತಿದ್ದರು. ಅದನ್ನು ಮುಚ್ಚಿಟ್ಟು ನಾನು ಯಾರನ್ನೂ ಒಳ್ಳೆಯವರು ಮಾಡಬೇಕಾಗಿಲ್ಲ. ಕುಂದಾಪುರ ಕಡೆಯ ಫೆಲಿಕ್ಸ್ ಸೀಟಿನ ಕೆಳಗೆ ಟವೆಲ್ಲಿನಲ್ಲಿ ಸುತ್ತಿದ ಬಾಟ್ಲಿ ಇಟ್ಟುಕೊಳ್ಳುತ್ತಿದ್ದ. ಬಿಸಿಲೇರಿದ ಮೇಲೆ ಒಂದು ಗುಟುಕು, ಮೆಟ್ಟಿಲು ಹತ್ತಿ ಇಳಿದ ಮೇಲೆ ಇನ್ನೊಂದು. ಒಂದು ದಿನ ಸಿಗ್ನಲ್ಲಿನಲ್ಲಿ ಎದುರಿನ ಕಾರಿಗೆ ಗುದ್ದಿದ. ಯಾರಿಗೂ ಏನೂ ಆಗಲಿಲ್ಲ. ಪೊಲೀಸರಿಗೆ ವಾಸನೆ ಬಂತು. ಜೈಲು ಮುಗಿಸಿ ಹಾಕಿದ ಬಟ್ಟೆಯಲ್ಲೇ ವಿಮಾನ ಹತ್ತಿದ.

ಕಂಪನಿ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಡ್ರೈವರುಗಳನ್ನೆಲ್ಲ ಯಾರ್ಡಿನ ಬಿಸಿಲಿನಲ್ಲಿ ನಿಲ್ಲಿಸಿ, ಮ್ಯಾನೇಜರ್ ಏಸಿ ಕೋಣೆಯ ಬಾಗಿಲಿನಲ್ಲಿ ನಿಂತು, ಕುಡಿತದಿಂದ ಸಂಸಾರಗಳು ಹೇಗೆ ಹಾಳಾಗುತ್ತವೆ ಎಂದು ವಿವರಿಸಿದರು. ನಮ್ಮ ಡ್ರೈವರುಗಳು ಕುಡಿಯುವುದಿಲ್ಲ ಎಂದು ಪ್ರತಿ ವ್ಯಾನಿನ ಬೆನ್ನಿಗೆ ಇಂಗ್ಲಿಷಿನಲ್ಲಿ ಬರೆಸಿದರು. ಫೆಲಿಕ್ಸ್ ನೀರು ಹಾಕುತ್ತಿದ್ದ ಮನೆಗಳನ್ನು ಉಳಿದವರಿಗೆ ಹಂಚಿದರು. ಆ ಮೇಲೆ ಮಾರ್ಸೆಲ್ ಬಾಬ್ ಮಾತ್ರೆ ತಂದರು.

ವಿಟಮಿನ್ ಎಂದು ಕೊಟ್ಟರು. ಬೆನ್ನು ನೋವಿಗೆ ಒಳ್ಳೆಯದು, ಸುಸ್ತಾಗುವುದಿಲ್ಲ, ಎಲ್ಲಕ್ಕಿಂತ ಮುಖ್ಯ, ವಾಸನೆ ಇಲ್ಲ. ಪ್ರತಿ ಬೆಳಿಗ್ಗೆ ಲೋಡಿಂಗ್ ಜಾಗದಲ್ಲಿ ಡ್ರೈವರುಗಳು ಸಾಲು ನಿಲ್ಲುತ್ತಿದ್ದರು. ಬಾಬ್ ಒಬ್ಬೊಬ್ಬರ ಕೈಯಲ್ಲೂ ಒಂದಿಟ್ಟು ನುಂಗುವುದನ್ನು ನೋಡಿಯೇ ಮುಂದೆ ಹೋಗುತ್ತಿದ್ದರು. ಹಿಂದೂ, ಬ್ಯಾರಿ, ಕ್ರೈಸ್ತರು ಎನ್ನದೆ ಹುಡುಗರು ಅದಕ್ಕೆ ಪ್ರಸಾದ ಎಂದು ಹೆಸರಿಟ್ಟರು. "ಪ್ರಸಾದ ಆಯ್ತಾ ಮಾರಾಯ?" ಎಂದೇ ಬೆಳಗಿನ ನಮಸ್ಕಾರ. ಪ್ರತಿ ಭಾನುವಾರ ಇಗರ್ಜಿಗೆ ಹೋಗುವ ಬಾಬ್‌ಗೆ ಆ ಹೆಸರು ಹಿಡಿಸುತ್ತಿರಲಿಲ್ಲ.

ಮೊದಮೊದಲು ಆನ್ಸೆಲ್ಮ್ ನಗುತ್ತಾ ಬರುತ್ತಿದ್ದ. "ಬೆನ್ನು ಉಂಟೋ ಇಲ್ವೋ ಅಂತ ಮುಟ್ಟಿ ನೋಡ್ಬೇಕು ರೆಜಿ" ಅನ್ನುತ್ತಿದ್ದ. ನುಂಗಿದ ಸ್ವಲ್ಪ ಹೊತ್ತಿಗೆ ರಸ್ತೆಗೆ ಹತ್ತಿ ಹಾಸಿದ ಹಾಗೆ ಕಾಣುತ್ತದಂತೆ, ಹಾರ್ನು ಪಕ್ಕದ ಊರಿನಲ್ಲಿ ಕೇಳಿದ ಹಾಗೆ ಕೇಳುತ್ತದಂತೆ. ಆಮೇಲೆ ನಗು ನಿಂತಿತು. ಶುಕ್ರವಾರ ಕೆಲಸವಿಲ್ಲ, ಮಾತ್ರೆಯೂ ಇಲ್ಲ. ಶುಕ್ರವಾರ ಅವನ ಮೂಗು ಸೋರುತ್ತಿತ್ತು, ಕಾಲು ನಡುಗುತ್ತಿತ್ತು, ಮಗಳು ಚಮಚ ಬೀಳಿಸಿದರೆ ಗದರುತ್ತಿದ್ದ. ಇನ್ನು ತಿನ್ನಬೇಡ ಎಂದು ನಾನು ಹೇಳಿದಾಗ, ತಿನ್ನದೆ ಆ ಬಾಟ್ಲಿ ಹೊತ್ತು ತೋರಿಸು ಎಂದು ಉತ್ತರಿಸಿದ. ನಾನು ತೋರಿಸಲಿಲ್ಲ. ಅವನು ಶನಿವಾರಕ್ಕೆ ಕಾಯುವುದನ್ನು ಕಲಿತ.

ಆ ದಿನ ಏನಾಯಿತು ಎಂದು ನನಗೆ ಹೇಳಿದ್ದು ಅಬೂಬಕ್ಕರ್. ಅವನು ಆನ್ಸೆಲ್ಮ್‌ನ ವ್ಯಾನಿನಲ್ಲಿ ಹೆಲ್ಪರ್. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಅಡುಗೆಮನೆಯಲ್ಲಿ ಬಕೆಟು ಕವುಚಿ ಕೂತು ಹೇಳಿದ.

ಮೈಸೂರಿನವರ ಮನೆಯೊಂದಿತ್ತು. ಮಗ ಕಂಪ್ಯೂಟರ್ ಕೆಲಸದವನು, ಮನೆಯಲ್ಲಿ ಅವನ ತಾಯಿ ಕಾಂತಮ್ಮ. ಬೇರೆ ದಿನ ಬಾಟ್ಲಿಯನ್ನು ಹೊಸ್ತಿಲಿನಾಚೆ ಇಡಿಸಿ, ಅದರ ಮೇಲೆ ನೀರು ಸುರಿದು ಒರಸಿ, ಮಗನೇ ಒಳಗೆ ತೆಗೆದುಕೊಂಡು ಹೋಗುತ್ತಿದ್ದ. ಕುಡಿಯುವ ನೀರಿನ ಬಾಟ್ಲಿಯನ್ನು ನೀರಿನಿಂದ ಶುದ್ಧ ಮಾಡುವುದು ಅಬೂಬಕ್ಕರ್‌ಗೆ ಯಾವಾಗಲೂ ತಮಾಷೆ. ಅಂದು ಮಗ ಇರಲಿಲ್ಲ. ಚಪ್ಪಲಿ ಕಳಚಿ, ಕಾಲೊರಸಿ, ಅಡುಗೆಮನೆವರೆಗೆ ತಂದಿಡಬೇಕೆಂದು ಆಕೆ ಹೇಳಿದರು. ಆನ್ಸೆಲ್ಮ್ ತಂದಿಟ್ಟ. ತಿರುಗುವಾಗ ತೂರಾಡಿ ಗೋಡೆಗೆ ಒರಗಿದ. ಆ ಗೋಡೆಯ ಆಚೆ ದೇವರ ಮಂಟಪ.

"ಏನ್ರೀ ಇದು, ಬೆಳಬೆಳಗ್ಗೇನೇ ಕುಡ್ಕೊಂಡು ಬಂದಿದೀರಾ?"

"ಇಲ್ಲಮ್ಮ. ಬೆನ್ನು ನೋವು."

"ಬೆನ್ನು ನೋವಾದ್ರೆ ಮನೇಲಿ ಮಲಕ್ಕೋಬೇಕಪ್ಪ. ಕೆಲಸಕ್ಕೆ ಯಾಕ್ ಬರ್ತೀರಾ?"

ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರು ಕಂಪನಿಗೆ ಫೋನು ಮಾಡಿ ನಿಮ್ಮ ಡ್ರೈವರ್ ಕುಡಿದಿದ್ದಾನೆ ಎಂದು ದೂರಿದರು. ಕಂಪನಿ ದೂರನ್ನು ಕೂಡಲೆ ವಿಚಾರಿಸಿತು. ಮಾರ್ಸೆಲ್ ಬಾಬ್ ಅಬೂಬಕ್ಕರ್‌ನ ಮೊಬೈಲಿಗೆ ಫೋನು ಮಾಡಿ, "ಅವನ ಬಾಯಿ ಮೂಸಿ ನೋಡು" ಅಂದರು. ರಸ್ತೆ ಬದಿಯಲ್ಲಿ ಆನ್ಸೆಲ್ಮ್ ಬಾಯಿ ತೆರೆದು ನಿಂತ, ಅಬೂಬಕ್ಕರ್ ಮೂಸಿದ.

"ವಾಸನೆ ಇಲ್ಲ ಬಾಬ್. ಆದ್ರೆ ಇವನಿಗೆ ನಿಲ್ಲಲಿಕ್ಕೆ..."

"ಇಲ್ಲ ಅಲ್ವಾ? ಮತ್ತೆ ಎಂತ ಸಾವು ನಿಮ್ದು? ಓಡ್ಸಿ, ರಂಡೆಮಕ್ಳೇ."

ಓಡಿಸಿದರು. ಮಧ್ಯಾಹ್ನ ನೇರವಾದ ಅಗಲ ರಸ್ತೆಯಲ್ಲಿ, ಮುಂದೆ ವಾಹನವೇ ಇಲ್ಲದ ಕಡೆ, ವ್ಯಾನು ನಿಧಾನವಾಗಿ ಬದಿಗೆ ಸರಿಯಿತಂತೆ. ಪಾರ್ಕ್ ಮಾಡುತ್ತಿದ್ದಾನೆ ಎಂದುಕೊಂಡನಂತೆ ಅಬೂಬಕ್ಕರ್.

"ಕಣ್ಣು ತೆರೆದೇ ಇತ್ತು ಅಕ್ಕಾ" ಅಂದ. "ನಿದ್ದೆ ಅಲ್ಲ. ರಸ್ತೆಯನ್ನೇ ನೋಡ್ತಾ ಇದ್ದ. ನಾನು ಕೂಗಿದೆ, ಅವನು 'ಆಂ' ಅಂದ ಸಹ."

ಬದಿಯ ಮರದ ನೆರಳಿನಲ್ಲಿ ರಸ್ತೆ ಗುಡಿಸುವವನೊಬ್ಬ ಊಟಕ್ಕೆ ಕೂತಿದ್ದ. ವ್ಯಾನು ಅವನನ್ನೂ ಮರವನ್ನೂ ಒಟ್ಟಿಗೆ ಮುಟ್ಟಿ ಮಗುಚಿತು. ಬಾಟ್ಲಿಗಳು ಒಡೆದು ರಸ್ತೆಯ ಉದ್ದಕ್ಕೂ ಕುಡಿಯುವ ನೀರು ಹರಿಯಿತು. ಜನ ಓಡಿ ಬಂದರು. ಆನ್ಸೆಲ್ಮ್ ಹೇಗೋ ಹೊರಗೆ ಬಂದವನು, ಒಡೆಯದೆ ಉಳಿದ ಬಾಟ್ಲಿಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸತೊಡಗಿದನಂತೆ. ಪೊಲೀಸರು ಕೈ ಹಿಡಿದ ಮೇಲೂ ಇನ್ನೊಂದನ್ನು ನಿಲ್ಲಿಸಲು ಬಗ್ಗಿದನಂತೆ.

ಗುಡಿಸುವವನು ಅಲ್ಲೇ ಸತ್ತ. ಆನ್ಸೆಲ್ಮ್‌ನ ರಕ್ತ ಪರೀಕ್ಷೆ ಮಾಡಿದರು. ರಕ್ತದಲ್ಲಿ ಮಾತ್ರೆ ಸಿಕ್ಕಿತು. ಈ ದೇಶದಲ್ಲಿ ಆ ಮಾತ್ರೆ ಡಾಕ್ಟರ ಚೀಟಿಯಿಲ್ಲದೆ ಹತ್ತಿರ ಇಟ್ಟುಕೊಂಡರೂ ಜೈಲು ಎಂದು ನನಗೆ ಗೊತ್ತಾದದ್ದು ಆಗ.

ಮಾರನೆಯ ದಿನ ಬಾಬ್ ಬಂದರು. ಜೊತೆಯಲ್ಲಿ ಕಂಪನಿಯ ಪಿ.ಆರ್.ಓ., ಎಂದರೆ ಕಚೇರಿ, ಸ್ಟೇಷನ್ನುಗಳಲ್ಲಿ ಕಂಪನಿಯ ಪರವಾಗಿ ಅರಬಿ ಮಾತಾಡುವವರು. ನಮ್ಮ ಜೊತೆ ಹಿಂದಿ. ನಾನು ಚಹಾ ಮಾಡಿ ಕೊಟ್ಟೆ. ಸಕ್ಕರೆ ಕಡಿಮೆ ಎಂದರು, ಇನ್ನೂ ಹಾಕಿ ಕೊಟ್ಟೆ.

ಡ್ರೈವರಿನ ವೀಸಾದಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ನನ್ನ, ಜುಬೈದಳ, ಇಬ್ಬರ ಗಂಡಂದಿರೂ ವೀಸಾದಲ್ಲಿ ಸೇಲ್ಸ್ ಆಫೀಸರುಗಳು. ಇಲ್ಲಿ ಎಷ್ಟೋ ಸಂಸಾರಗಳು ಹಾಗೇ ಬಂದಿವೆ. ಬಾಬ್ ನಮ್ಮ ಊರಿನವರೆಂದು ಮಾಡಿಕೊಟ್ಟ ಉಪಕಾರ ಅದು. ಈಗ ಪಿ.ಆರ್.ಓ. ಚಹಾ ಊದುತ್ತಾ ಕೇಳಿದರು, ಸೇಲ್ಸ್ ಆಫೀಸರನೊಬ್ಬ ಕಂಪನಿಯ ವ್ಯಾನನ್ನು ಯಾಕೆ ಓಡಿಸಿದ ಎಂದು. ಕಂಪನಿಗೂ ಅದೇ ಆಶ್ಚರ್ಯವಂತೆ. ಆದರೂ ಕಂಪನಿ ಕೈಬಿಡುವುದಿಲ್ಲವಂತೆ, ನಾನು ಒಂದು ಮಾತು ಹೇಳಿದರೆ.

"ಮಾತ್ರೆ ನೀವು ಊರಿಂದ ತಂದದ್ದು ಅಂತ ಹೇಳಿ" ಅಂದರು ಬಾಬ್. "ಗಂಡನ ಬೆನ್ನು ನೋವಿಗೆ. ಇಲ್ಲಿಯ ಕಾನೂನು ಗೊತ್ತಿರ್ಲಿಲ್ಲ ಅಂತ ಹೇಳಿ. ಹೆಂಗಸು, ಬಿಟ್ಟುಬಿಡ್ತಾರೆ. ಅವನಿಗೂ ಕಡಿಮೆ ಆಗ್ತದೆ."

"ನಾನು ತರ್ಲಿಲ್ಲ ಬಾಬ್. ನೀವು ಕೊಟ್ಟದ್ದು."

"ನಾನು ಎಂತ ಕೊಟ್ಟದ್ದು?" ಅವರು ನಿಜಕ್ಕೂ ನೊಂದವರಂತೆ ನನ್ನನ್ನು ನೋಡಿದರು. "ನಿಮ್ಮನ್ನು ಇಲ್ಲಿಗೆ ತಂದದ್ದು ನಾನು. ಹೇಳದಿದ್ರೆ ರೂಮು, ಮಗುವಿನ ಶಾಲೆ, ವೀಸಾ, ಎಲ್ಲ ಖಲಾಸ್. ಗಂಡ ಒಳಗೆ, ನೀವಿಬ್ರು ಹೊರಗೆ. ಆಲೋಚನೆ ಮಾಡಿ."

ನಾನು ಸತ್ತವನ ಹೆಸರು ಕೇಳಿದೆ. ಅವನು ಬೇರೆ ಕಂಪನಿಯವನು ಎಂದು ಪಿ.ಆರ್.ಓ. ಹೇಳಿದರು.

ಅವರು ಹೋದ ಮೇಲೆ ಜುಬೈದ ಹೊಲಿಗೆ ಮಿಷನ್ ಬಿಟ್ಟು ಬಂದು ಲೋಟಗಳನ್ನು ಎತ್ತಿಕೊಂಡಳು. ಪ್ಲೈವುಡ್ಡಿನ ಮನೆಯಲ್ಲಿ ಕೇಳಿಸದ್ದು ಯಾವುದೂ ಇಲ್ಲ.

"ಅಕ್ಕಾ, ಅವರು ನಿಮ್ಮನ್ನೇ ಒಳಗೆ ಹಾಕ್ಲಿಕ್ಕೆ ನೋಡುದು. ತಂದದ್ದು ನೀವು ಅಂತಾದ್ರೆ ತಿನ್ನಿಸಿದ್ದೂ ನೀವೇ. ಈ ಹುಡುಗಿಯನ್ನು ಯಾರು ನೋಡುದು?"

ಅಬೂಬಕ್ಕರ್ ಕಂಡದ್ದನ್ನು ಬಂದು ಹೇಳಬಹುದೇ ಎಂದು ನಾನು ಕೇಳಲಿಲ್ಲ. ಅವಳೇ ಸಿಂಕಿನ ಕಡೆ ಮುಖ ಮಾಡಿ ಹೇಳಿದಳು. "ಇವರನ್ನು ಮಾತ್ರ ಕರೀಬೇಡಿ. ಇವರೂ ತಿಂದದ್ದೇ. ರಕ್ತ ತೆಗೆದ್ರೆ ಖಲಾಸ್." ಲೋಟ ತೊಳೆದು ಇನ್ನೊಮ್ಮೆ ತೊಳೆದಳು.

ಹೆಸರು ನನಗೆ ಕ್ಲಿನಿಕ್ಕಿನಲ್ಲಿ ಸಿಕ್ಕಿತು. ಗುಡಿಸುವವರು ಅಲ್ಲಿಗೆ ಔಷಧಿಗೆ ಬರುತ್ತಾರೆ. ಪೋಚಯ್ಯ. ತೆಲುಗು ನಾಡಿನ ಕರೀಂನಗರ ಕಡೆಯವನು. ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಚಪ್ಪಲಿ ಬಿಚ್ಚಿ ಕೂತಿದ್ದನಂತೆ. ನನ್ನ ಗಂಡನ ಕೈಯಲ್ಲಿ ಸತ್ತವನ ಹೆಸರು ಅದು. ನಾನು ಒರಸುವ ಕೋಲನ್ನು ಬಕೆಟಿನಲ್ಲಿ ಅದ್ದಿ ಹಿಂಡಿದೆ. ಆಮೇಲೆ ಉಳಿದ ನೆಲ ಒರಸಿದೆ.

ಸ್ಟೇಷನ್ನಿಗೆ ಕರೆದ ದಿನ ವೆಲಿಟಾಳನ್ನು ಜುಬೈದಳ ಹತ್ತಿರ ಬಿಡಬೇಕೆಂದಿದ್ದೆ. ಮಗು ಜೊತೆಗಿದ್ದರೆ ಕನಿಕರ ಹುಟ್ಟುತ್ತದೆ, ಕರೆದುಕೊಂಡೇ ಬರಬೇಕು ಎಂದರು ಪಿ.ಆರ್.ಓ. ದಾರಿಯುದ್ದಕ್ಕೂ ಅವಳಿಗೆ ಏನೋ ಕೇಳುವುದಿತ್ತು. ಆಮೇಲೆ, ಆಮೇಲೆ ಎಂದೆ. ದೊಡ್ಡವರು ಮಾತಾಡುವಾಗ ಬಾಯಿ ತೆರೆಯಬಾರದು ಎಂದು ಎಚ್ಚರಿಕೆಯನ್ನೂ ಕೊಟ್ಟೆ.

ಆಫೀಸರ್ ಸಣ್ಣ ಪ್ರಾಯದವರು. ಎದ್ದು ನಿಂತು ನನಗೆ ಕುರ್ಚಿ ತೋರಿಸಿದರು. ಆನ್ಸೆಲ್ಮ್‌ನನ್ನು ಕರೆತಂದು ಗೋಡೆಯ ಬದಿಯ ಬೆಂಚಿನಲ್ಲಿ ಕೂರಿಸಿದರು. ಅವನು ನಮ್ಮ ಕಡೆ ನೋಡಲಿಲ್ಲ. ಮೂಗು ಸೋರುತ್ತಿತ್ತು, ಕೈಗಳನ್ನು ತೊಡೆಗಳ ನಡುವೆ ಒತ್ತಿ ಹಿಡಿದರೂ ಮೈಯೆಲ್ಲ ನಡುಗುತ್ತಿತ್ತು. ಅವನಿಗೆ ಒಂದು ಸ್ವೆಟರ್ ತಂದಿದ್ದರೆ ಆಗುತ್ತಿತ್ತು ಎಂದು ನನಗೆ ಅನ್ನಿಸಿತು. ಮಾರ್ಸೆಲ್ ಬಾಬ್ ಅವನ ಕಡೆ ಕೈ ತೋರಿಸಿ, ಮೊದಲಿನಿಂದಲೂ ಹೀಗೇ, ನಾವೆಲ್ಲ ಎಷ್ಟು ಬುದ್ಧಿ ಹೇಳಿದೆವು ಎಂದು ಹಿಂದಿಯಲ್ಲಿ ಹೇಳಿದರು. ಪಿ.ಆರ್.ಓ. ಅದನ್ನು ಅರಬಿಗೆ ಮಾಡಿದರು.

ಮಾತ್ರೆ ಎಲ್ಲಿಂದ ಬಂತು ಎಂದು ಆಫೀಸರ್ ಕೇಳಿದ್ದನ್ನು ಪಿ.ಆರ್.ಓ. ನನಗೆ ಹಿಂದಿಯಲ್ಲಿ ಕೇಳಿದರು. ಕಣ್ಣಿನಲ್ಲಿ ಉತ್ತರವನ್ನೂ ಕೊಟ್ಟರು.

"ಮೈಂ ನಹೀಂ ಲಾಯಾ" ಅಂದೆ ನಾನು. ನಾನು ತರಲಿಲ್ಲ.

ಅಷ್ಟು ಮಾತನ್ನು ಅವರು ಅರಬಿಯಲ್ಲಿ ಬಹಳ ಹೊತ್ತು ಹೇಳಿದರು. ನಡುವೆ ಎರಡು ಸಲ ಹಿಂದ್ ಎಂಬ ಮಾತು ಬಂತು. ಹಿಂದ್ ಅಂದರೆ ನಮ್ಮ ದೇಶ, ಅದು ನನಗೂ ಗೊತ್ತಿತ್ತು. ಆಫೀಸರ್ ತಲೆಯಾಡಿಸುತ್ತಾ ಬರೆದುಕೊಂಡರು.

"ಮಾಫಿ" ಅಂದೆ ನಾನು. ಇಲ್ಲ ಎನ್ನಲು ನನಗೆ ಬರುವ ಅರಬಿ ಅದೊಂದೇ. "ಮಾಫಿ ಹಿಂದ್. ಮಾಫಿ."

ಆಫೀಸರ್ ಪೆನ್ನು ಎತ್ತಿದರು. ಪಿ.ಆರ್.ಓ. ಮೆಲ್ಲಗೆ ನಕ್ಕು ತಲೆಯ ಪಕ್ಕ ಬೆರಳು ತಿರುಗಿಸಿ ಏನೋ ಹೇಳಿದರು. ಪಾಪ, ಆಘಾತದಲ್ಲಿದ್ದಾಳೆ ಎಂದಿರಬೇಕು. ಬಾಬ್ ನನ್ನ ಕಿವಿಯ ಹತ್ತಿರ ಬಗ್ಗಿದರು.

"ರೆಜಿನಾ ಬಾಯಿ, ನಾಳೆ ಈ ಮಗುವನ್ನು ಹಿಡ್ಕೊಂಡು ಬೀದಿಯಲ್ಲಿ ನಿಲ್ಲುದಾ?"

ವೆಲಿಟಾ ಅವರನ್ನೇ ನೋಡುತ್ತಿದ್ದಳು. ಮಗು ಹೆದರಿದೆ ಎಂದು ಆಫೀಸರಿಗೆ ಅನ್ನಿಸಿರಬೇಕು. ಮೇಜಿನ ಮೇಲಿಂದ ಬಗ್ಗಿ, ನನ್ನ ಬಾಯಿಗೆ ಬಾರದ ಇಂಗ್ಲಿಷಿನಲ್ಲಿ ಹೆಸರು ಕೇಳಿದರು, ಯಾವ ಕ್ಲಾಸು ಎಂದು ಕೇಳಿದರು. ಅವಳು ಹೇಳಿದಳು. ಜ್ಯೂಸ್ ಬೇಕೇ ಎಂದಾಗ ಬೇಡ ಎಂದು ತಲೆಯಾಡಿಸಿದಳು.

"ಕ್ಯಾನ್ ಐ ಆಸ್ಕ್ ಸಂಥಿಂಗ್?"

ಅವರಿಬ್ಬರ ಮಾತಿಗೆ ನಡುವೆ ಯಾರೂ ಬೇಕಾಗಿರಲಿಲ್ಲ. ಅದು ನನಗಿಂತ ಮೊದಲು ಪಿ.ಆರ್.ಓ.ಗೆ ಹೊಳೆಯಿತು. ಅವರು ಅವಸರದಲ್ಲಿ ಅರಬಿಯಲ್ಲಿ ಏನೋ ಶುರು ಮಾಡಿದರು. ಬಾಬ್ ಎದ್ದೇ ನಿಂತು, ಮಗುವಿಗೆ ಇಲ್ಲೆಂತ ಕೆಲಸ, ಹೊರಗೆ ಕರ್ಕೊಂಡು ಹೋಗಿ ಎಂದರು.

ನನ್ನ ಕೈ ತಾನಾಗಿಯೇ ಅವಳ ಬಾಯಿಯ ಕಡೆಗೆ ಎದ್ದಿತ್ತು. ಪ್ಲೈವುಡ್ಡಿನ ಆಚೆ ಯಾರಾದರೊಬ್ಬರು ಯಾವಾಗಲೂ ಮಲಗಿರುವ ಮನೆಯಲ್ಲಿ ಮಗುವನ್ನು ಸಾಕಿದ ಕೈ ಅದು. ನಾನು ಅದನ್ನು ತಂದು ನನ್ನ ಮಡಿಲಲ್ಲಿ ಇಟ್ಟುಕೊಂಡೆ, ಇನ್ನೊಂದು ಕೈಯಿಂದ ಹಿಡಿದುಕೊಂಡೆ.

"ಆಸ್ಕ್" ಅಂದರು ಆಫೀಸರ್.

ಅವಳು ಕುರ್ಚಿಯಿಂದ ಇಳಿದು, ಅವರ ಕಡೆಗಲ್ಲ, ಮಾರ್ಸೆಲ್ ಬಾಬ್ ಕಡೆಗೆ ತಿರುಗಿ ನಿಂತಳು.

"ಮಾರ್ಸೆಲ್ ಅಂಕಲ್, ಎವ್ರಿ ಮಾರ್ನಿಂಗ್ ಯೂ ಗಿವ್ ದ ವಿಟಮಿನ್ ಟು ಡ್ಯಾಡಿ, ಆ್ಯಂಡ್ ಎವ್ರಿಬಡಿ. ವೈ ಡೋಂಟ್ ಯೂ ಎವರ್ ಈಟ್ ಒನ್?"